ಕಿಟಕಿಗಳಿಗೊಬ್ಬ ಮಾನಿಟರ್



2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ನನ್ನ ಹಳೆಯ ಗಣಕಯಂತ್ರವು ವಿಂಡೋಸ್ 11ರ ಅರ್ಹತಾ ಪರೀಕ್ಷೆಯಲ್ಲಿ ಅನುತ್ತೀರ್ಣವಾಯಿತು. ರಾಣೆಬೆನ್ನೂರಿನ ಅಂಗಡಿಯೊಂದಕ್ಕೆ ಒಯ್ದರೆ, “ಇದನ್ನ ಗುಜರಿಗೆ ಹಾಕ್ರಿ ಸರ್, ಹೊಸಾದು ತಗೋರಿ” ಎಂದರು. ನಿವೃತ್ತಿಯ ನಂತರ ನಾನು ಬರೆದದ್ದೆಲ್ಲವೂ ಅದರಲ್ಲಿಯೇ ಇದೆ. ಮನಸ್ಸೊಪ್ಪದೆ ಲಿನಕ್ಸ್ ಹಾಕಿಸಿದೆ.

ಆಗ ಎದುರಾದದ್ದು ವಿಂಡೋ ಮ್ಯಾನೇಜರ್ ಆಯ್ಕೆಯ ಪ್ರಶ್ನೆ. ತೆರೆಯ ಮೇಲಿನ ಕಿಟಕಿಗಳಿಗೆ ಚೌಕಟ್ಟು ಹಾಕುವುದು, ಅವುಗಳನ್ನು ಸರಿಸುವುದು, ಯಾವುದು ಮುಂದೆ, ಯಾವುದು ಹಿಂದೆ ಎಂದು ನಿರ್ಧರಿಸುವುದು ಇದರ ಕೆಲಸ. ನಮ್ಮ ತರಗತಿಯ ಮಾನಿಟರನಂತೆ! ಪಾಠ ಹೇಳುವವನು ಅವನಲ್ಲ. ಆದರೆ ಅವನು ಸರಿಯಿಲ್ಲದಿದ್ದರೆ ಪಾಠ ನಡೆಯದು.

ಬೆಂಗಳೂರಿನಲ್ಲಿರುವ ಶಿಷ್ಯನೊಬ್ಬ ಐ3 ಹಾಕಿಕೊಳ್ಳಿರೆಂದ. ಅದು ಕಿಟಕಿಗಳನ್ನು ಒಂದರ ಮೇಲೊಂದು ಬೀಳದಂತೆ ಪಕ್ಕಪಕ್ಕದಲ್ಲಿ ಜೋಡಿಸುತ್ತದೆ, ಕೆಲಸವೆಲ್ಲ ಕೀಲಿಮಣೆಯಿಂದಲೇ. ದಿನವಿಡೀ ಪ್ರೋಗ್ರಾಂ ಬರೆಯುವ ಅವನಿಗೆ ಅದು ವರವೇ ಸರಿ. ಅಳಿಯಂದಿರು ಕೆಡಿಇಯ ಅಂದವನ್ನು ಹೊಗಳಿದರು. ಬ್ಯಾಡಗಿಯ ಮೆಣಸಿನಕಾಯಿಗೆ ಬಣ್ಣದಿಂದಲೇ ಬೆಲೆ ಎಂಬುದು ನಿಜ. ಗಣಕದ ತೆರೆಗೆ ಆ ಲೆಕ್ಕ ಸಲ್ಲದು.

ನಾನು ಆರಿಸಿದ್ದು ಎಕ್ಸ್‌ಎಫ್‌ಸಿಇ. 1996ರಲ್ಲಿ ಆರಂಭವಾದ ಇದು ನಿಧಾನವಾಗಿ ಬದಲಾಗುತ್ತದೆ. ಮೆನು, ಪಟ್ಟಿ, ಮುಚ್ಚುವ ಗುಂಡಿ ಎಲ್ಲವೂ ಕೈಗೆ ಪರಿಚಿತವಾದ ಸ್ಥಳದಲ್ಲಿವೆ. 2011ರಲ್ಲಿ ಗ್ನೋಮ್ 3 ಬಂದು ಹಳೆಯ ವಿನ್ಯಾಸವನ್ನು ಕೈಬಿಟ್ಟಾಗ, ಒಪ್ಪದವರು ಹಳೆಯದನ್ನೇ ಮಾಟೆ ಎಂಬ ಹೆಸರಿನಲ್ಲಿ ಉಳಿಸಿಕೊಂಡರು. ಅದನ್ನು ಹಟವೆನ್ನಲಾರೆ. ಕೈಗೆ ರೂಢಿಯಾದದ್ದೂ ಮನುಷ್ಯನ ಗಳಿಕೆಯೇ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ನಂತರ ನನಗೆ ಇದು ಇನ್ನಷ್ಟು ಮನವರಿಕೆಯಾಗಿದೆ.

ಎರಡು ಮಾತು ಎಚ್ಚರಿಕೆಗಾಗಿ. ಮ್ಯಾನೇಜರ್ ಎಷ್ಟೇ ಹಗುರವಾಗಿದ್ದರೂ ಬ್ರೌಸರಿನಲ್ಲಿ ಇಪ್ಪತ್ತು ಪುಟ ತೆರೆದಿಟ್ಟರೆ ಯಂತ್ರ ಏದುಸಿರು ಬಿಡುತ್ತದೆ. ಆ ತಪ್ಪು ಮಾನಿಟರನದಲ್ಲ. ಎರಡನೆಯದು, ಕನ್ನಡ. ಲಿನಕ್ಸಿನಲ್ಲಿ ಕಗಪ ಕೀಲಿಮಣೆ ವಿನ್ಯಾಸ ದೊರೆಯುತ್ತದೆ, ಬೆರಳುಗಳು ಹೊಸದಾಗಿ ಕಲಿಯಬೇಕಿಲ್ಲ. ಆದರೆ ನುಡಿಯ ಹಳೆಯ ಫಾಂಟುಗಳಲ್ಲಿದ್ದ ನನ್ನ ಲೇಖನಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಸಾಲುಸಾಲಾಗಿ ತಿದ್ದಬೇಕಾಯಿತು. ಉತ್ತರಪತ್ರಿಕೆ ತಿದ್ದಿದ ಅಭ್ಯಾಸ ಅಲ್ಲಿ ಉಪಯೋಗಕ್ಕೆ ಬಂತು.

ನೀವು ನನ್ನದನ್ನೇ ಆರಿಸಬೇಕಿಲ್ಲ. ಒಂದೇ ಯಂತ್ರದಲ್ಲಿ ಎರಡು ಮೂರನ್ನು ಹಾಕಿ, ಲಾಗಿನ್ ಆಗುವಾಗ ಬೇಕಾದುದನ್ನು ಆರಿಸಿಕೊಳ್ಳಬಹುದು. ಒಂದೊಂದನ್ನೂ ಒಂದು ವಾರ ಬಳಸಿ ನೋಡಿ. ಯಾವುದು ಇದೆಯೆಂಬುದನ್ನೇ ನೀವು ಮರೆಯುವಿರೋ ಅದನ್ನು ಉಳಿಸಿಕೊಳ್ಳಿ. ಒಳ್ಳೆಯ ಮಾನಿಟರನ ಗದ್ದಲ ಎಂದೂ ಮುಖ್ಯೋಪಾಧ್ಯಾಯರ ಕೋಣೆಯವರೆಗೆ ಕೇಳಿಸಿದ್ದಿಲ್ಲ.

ಅಂದಹಾಗೆ, ಇದನ್ನು ಬರೆದದ್ದು ಗುಜರಿಗೆ ಹೋಗಬೇಕಾಗಿದ್ದ ಆ ಯಂತ್ರದಲ್ಲಿಯೇ.