ತೀರ್ಮಾನ ಒಬ್ಬರದು, ತಲೆದಂಡ ಇನ್ನೊಬ್ಬರದು

ಯುದ್ಧವನ್ನು ಹೂಡಬೇಕೆಂದು ನಿರ್ಧರಿಸುವವರು ಕೆಲವರು, ಆ ಯುದ್ಧದಲ್ಲಿ ಪ್ರಾಣ ತೆರುವವರು ಬೇರೆ ಕೆಲವರು ಎಂಬುದು ಅರಸೊತ್ತಿಗೆಯ ಕಾಲದಿಂದಲೂ ನಡೆದುಬಂದ ರೀತಿ. ಆದರೆ ಪ್ರಜೆಗಳೇ ಪ್ರಭುಗಳೆಂದು ಸಾರುವ ರಾಜ್ಯದಲ್ಲಿ ಈ ಎರಡು ವರ್ಗಗಳ ನಡುವಣ ಅಂತರವು ಎಷ್ಟು ಕಿರಿದಾದರೆ ಆ ರಾಜ್ಯಕ್ಕೆ ಅಷ್ಟು ಶ್ರೇಯಸ್ಸು. ಅಂತರವು ಹಿಗ್ಗಿದಾಗ ಏನಾಗುವುದೆಂಬುದನ್ನು ತಿಳಿಯಬೇಕಾದವರು ವಿಯೆಟ್ನಾಮ್ ಯುದ್ಧದಲ್ಲಿ ಆಸ್ಟ್ರೇಲಿಯವು ವಹಿಸಿದ ಪಾತ್ರವನ್ನು ಪರಿಶೀಲಿಸಬೇಕು.

ಆ ದೇಶದ ಭೀತಿ ಕೇವಲ ಕಲ್ಪನೆಯದಾಗಿರಲಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳೋಣ. ಅಭೇದ್ಯವೆಂದು ನಂಬಿದ್ದ ಸಿಂಗಾಪುರವು 1942ರಲ್ಲಿ ಜಪಾನೀಯರ ವಶವಾದಂದೇ ಬ್ರಿಟನ್ನಿನ ರಕ್ಷೆಯ ಮೇಲಿದ್ದ ಭರವಸೆ ಆ ಜನರಲ್ಲಿ ಕುಸಿದುಹೋಗಿದ್ದಿತು. 1951ರ ಆನ್ಜಸ್ ಒಪ್ಪಂದದಿಂದ ಅಮೆರಿಕದ ಆಶ್ರಯವನ್ನು ಪಡೆದ ಬಳಿಕ, ಆ ಸ್ನೇಹವನ್ನು ಉಳಿಸಿಕೊಳ್ಳುವುದಕ್ಕೂ, ಕಮ್ಯೂನಿಸಮ್ಮನ್ನು ತಮ್ಮ ಕರಾವಳಿಯಿಂದ ದೂರದಲ್ಲಿಯೇ ತಡೆಯುವುದಕ್ಕೂ ಇಂಡೋಚೀನವೇ ತಕ್ಕ ರಣಾಂಗಣವೆಂದು ಕ್ಯಾನ್‌ಬೆರಾದ ಮುತ್ಸದ್ದಿಗಳು ಬಗೆದರು. 1962ರಲ್ಲಿ 30 ಮಂದಿ ಸೈನಿಕ ಸಲಹೆಗಾರರು ಹೋದರು. 1965ರ ಏಪ್ರಿಲ್ 29ರಂದು ಪ್ರಧಾನಿ ರಾಬರ್ಟ್ ಮೆಂಜೀಸರು ಒಂದು ಇಡೀ ಕಾಲಾಳು ಪಡೆಯನ್ನು ಕಳುಹಿಸುವುದಾಗಿ ಪಾರ್ಲಿಮೆಂಟಿಗೆ ತಿಳಿಸಿದರು. ಇದು ದಕ್ಷಿಣ ವಿಯೆಟ್ನಾಮಿನ ಕೋರಿಕೆಗೆ ಇತ್ತ ಉತ್ತರವೆಂಬುದು ಅವರ ವಿವರಣೆ. ವಾಸ್ತವದಲ್ಲಿ ನಿರ್ಧಾರವು ಮಂತ್ರಿಮಂಡಲದ ಸಮಿತಿಯಲ್ಲಿ ಏಪ್ರಿಲ್ ಮೊದಲ ವಾರದಲ್ಲಿಯೇ ಆಗಿದ್ದು, ಸೈಗಾನಿನ ಪತ್ರವು ಒತ್ತಾಯದ ಮೇಲೆ ಅನಂತರ ಬಂದುದಾಗಿತ್ತು.

ಇದಕ್ಕಿಂತಲೂ ಗಂಭೀರವಾದುದು ಸೈನಿಕರನ್ನು ಕೂಡಿಸಿದ ಬಗೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ಯುವಕರನ್ನು ಬಲಾತ್ಕಾರದಿಂದ ಹೊರದೇಶದ ಯುದ್ಧಕ್ಕೆ ಕಳುಹಿಸಬಹುದೆ ಎಂಬ ಪ್ರಶ್ನೆಯನ್ನು 1916ರಲ್ಲಿಯೂ 1917ರಲ್ಲಿಯೂ ಜನರ ಮುಂದೆಯೇ ಇರಿಸಲಾಗಿದ್ದಿತು. ಎರಡು ಬಾರಿಯೂ ಜನರು ಕೂಡದೆಂದಿದ್ದರು. 1964ರಲ್ಲಿ ಅಂತಹ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಆ ವರ್ಷ ತಂದ ಕಡ್ಡಾಯ ಸೇವೆಯ ಕಾನೂನಿನಂತೆ ಇಪ್ಪತ್ತು ತುಂಬುವ ತರುಣರು ಹೆಸರು ನೋಂದಾಯಿಸಬೇಕು. ಹುಟ್ಟಿದ ದಿನಾಂಕಗಳನ್ನು ಸೂಚಿಸುವ ಗೋಲಿಗಳನ್ನು ಪೀಪಾಯಿಯಲ್ಲಿ ತಿರುವಿ ಎತ್ತುವಾಗ ಯಾರ ದಿನ ಬಂದಿತೋ ಅವರು ಎರಡು ವರ್ಷ ದಂಡಿನಲ್ಲಿ ದುಡಿಯಬೇಕು. ಆಗ ಮತದಾನಕ್ಕೆ ಬೇಕಾಗಿದ್ದ ವಯಸ್ಸು ಇಪ್ಪತ್ತೊಂದು. ಸರ್ಕಾರವನ್ನು ಆರಿಸುವಷ್ಟು ವಿವೇಕವಿಲ್ಲವೆಂದು ಯಾರನ್ನು ಮತಗಟ್ಟೆಯಿಂದ ಹೊರಗಿರಿಸಿದ್ದರೋ ಅವರನ್ನೇ, ಆ ಸರ್ಕಾರದ ಧ್ಯೇಯಕ್ಕಾಗಿ ಸಾಯುವಷ್ಟು ಪ್ರೌಢರೆಂದು ಕಾನೂನು ಪರಿಗಣಿಸಿತು.

ರಣಾಂಗಣದಲ್ಲಿ ಅವರು ಹೇಡಿಗಳಾಗಲಿಲ್ಲ. ಫುವೋಕ್ ತುಯಿ ಪ್ರಾಂತದ ಲಾಂಗ್ ತಾನ್ ಗ್ರಾಮದ ಬಳಿಯ ರಬ್ಬರ್ ತೋಟದಲ್ಲಿ, 1966ರ ಆಗಸ್ಟ್ 18ರ ಜಡಿಮಳೆಯಲ್ಲಿ, 108 ಮಂದಿಯ ಒಂದು ತುಕಡಿ ತನಗಿಂತ ಅನೇಕ ಪಾಲು ದೊಡ್ಡದಾದ ಸೈನ್ಯವನ್ನು ಎದುರಿಸಿ ನಿಂತಿತು. 18 ಆಸ್ಟ್ರೇಲಿಯನ್ನರು ಆ ಕದನದಲ್ಲಿ ಮಡಿದರು. ಆದರೆ ಶೌರ್ಯವು ತಪ್ಪು ಯೋಜನೆಯನ್ನು ಸರಿಪಡಿಸಲಾರದು. ಮರುವರ್ಷ ದಾತ್ ದೋ ಪಟ್ಟಣದಿಂದ ಕಡಲಿನವರೆಗೆ 20,000ಕ್ಕೂ ಮೀರಿದ ನೆಲಬಾಂಬುಗಳನ್ನು ಹೂಳಿ ಒಂದು ತಡೆಪಟ್ಟಿಯನ್ನು ನಿರ್ಮಿಸಿದರು; ಕಾವಲು ಸಾಲದ್ದರಿಂದ ಗೆರಿಲ್ಲಾಗಳು ಅವುಗಳಲ್ಲಿ ಸಾವಿರಾರನ್ನು ಅಗೆದು ಒಯ್ದು ಆಸ್ಟ್ರೇಲಿಯನ್ನರ ದಾರಿಯಲ್ಲಿಯೇ ಹೂಳಿದರು.

ಜನರ ಪಾಲೂ ಇದರಲ್ಲಿ ಇಲ್ಲದೆ ಇಲ್ಲ. 1966ರ ಚುನಾವಣೆಯಲ್ಲಿ ಯುದ್ಧವನ್ನು ಸಮರ್ಥಿಸಿದ ಆಗಿನ ಪ್ರಧಾನಿ ಹೆರಾಲ್ಡ್ ಹೋಲ್ಟರಿಗೆ ಮತದಾರರು ಭಾರಿ ಬಹುಮತವನ್ನಿತ್ತರು. ಅದನ್ನು ವಿರೋಧಿಸಿದ ಪ್ರತಿಪಕ್ಷದ ನಾಯಕ ಆರ್ಥರ್ ಕಾಲ್ವೆಲ್ಲರು ಸೋತರು. ನಾಲ್ಕು ವರ್ಷಗಳಾಗುವಷ್ಟರಲ್ಲಿ, 1970ರ ಮೇ ತಿಂಗಳಲ್ಲಿ, ಅದೇ ಜನ ನಗರನಗರಗಳ ಬೀದಿಗಿಳಿದು ಸೈನ್ಯವನ್ನು ಹಿಂದಕ್ಕೆ ಕರೆಸಬೇಕೆಂದು ಕೂಗಿದರು. 1972ರ ಡಿಸೆಂಬರಿನಲ್ಲಿ ಅಧಿಕಾರಕ್ಕೆ ಬಂದ ಗಾಫ್ ವಿಟ್ಲಮ್ಮರು ಕಡ್ಡಾಯ ಸೇವೆಯನ್ನು ರದ್ದುಪಡಿಸಿದರು. ಅಷ್ಟರಲ್ಲಿ ಸುಮಾರು 60,000 ಆಸ್ಟ್ರೇಲಿಯನ್ನರು ಆ ಯುದ್ಧವನ್ನು ಕಂಡು, 500ಕ್ಕೂ ಹೆಚ್ಚು ಮಂದಿ ಮೃತರಾಗಿದ್ದರು. ಮಡಿದ ವಿಯೆಟ್ನಾಮೀಯರಂತೂ ಲಕ್ಷಾಂತರ. ಬದುಕಿ ಬಂದವರಿಗೆ ಯುದ್ಧದ ಅಪಕೀರ್ತಿ ಮೆತ್ತಿಕೊಂಡಿತು. ತಾವು ಎಲ್ಲಿ ಹೋರಾಡಿದೆವೆಂಬುದನ್ನೇ ಬಚ್ಚಿಟ್ಟು ಬಾಳಿದವರು ಹಲವರು. ಅವರಿಗೆ ಯೋಗ್ಯವಾದ ಸಾರ್ವಜನಿಕ ಸ್ವಾಗತವು ಸಿಡ್ನಿಯಲ್ಲಿ ದೊರೆತುದು 1987ರಲ್ಲಿ.

ಯುದ್ಧದ ನಿರ್ಣಯಕ್ಕೆ ಗೋಪ್ಯವೂ ತ್ವರೆಯೂ ಅವಶ್ಯಕ, ಸಭೆಯ ಚರ್ಚೆಗೆ ಅಲ್ಲಿ ಅವಕಾಶವಿಲ್ಲ ಎಂದು ವಾದಿಸುವವರುಂಟು. ಆದರೆ 1965ರಲ್ಲಿ ಸಮಿತಿಯ ನಿರ್ಧಾರಕ್ಕೂ, ಮೇ ಕೊನೆಯಲ್ಲಿ ಸೈನಿಕರನ್ನು ಹೊತ್ತ ಹಡಗು ಹೊರಟುದಕ್ಕೂ ನಡುವೆ ಏಳು ವಾರಗಳಿದ್ದುವು. ಮತಕ್ಕೆ ಹಾಕಿದ್ದರೂ ಮೆಂಜೀಸರ ಪಕ್ಷವೇ ಗೆಲ್ಲುತ್ತಿದ್ದಿತೆಂಬುದು ನಿಜ. ಆಗಲಾದರೂ ಯುದ್ಧವಾಗಲೆಂದ ಪ್ರತಿಯೊಬ್ಬ ಸದಸ್ಯನ ಹೆಸರೂ ದಾಖಲೆಯಲ್ಲಿ ಉಳಿದು, ಜನರ ಕೋಪವು ಅಸಹಾಯಕ ಸೈನಿಕನ ಕಡೆಗೆ ತಿರುಗದೆ ಹೊಣೆಗಾರರ ಕಡೆಗೆ ತಿರುಗುತ್ತಿದ್ದಿತು.

ಇಂದಿಗೂ ಆಸ್ಟ್ರೇಲಿಯದ ಸರ್ಕಾರವು ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ಸೈನ್ಯವನ್ನು ಪರದೇಶದ ಯುದ್ಧಕ್ಕೆ ಕಳುಹಿಸಬಲ್ಲದು. ಸ್ಮಾರಕಗಳನ್ನು ಕಟ್ಟುವುದರಿಂದ ಗತಿಸಿದವರ ಋಣ ತೀರದು. ಈ ಅಧಿಕಾರವು ಮಂತ್ರಿಗಳ ಕೋಣೆಯಿಂದ ಜನಪ್ರತಿನಿಧಿಗಳ ಸಭೆಗೆ ಬಂದಾಗಲೇ ಆ ಋಣವು ಅಂಶತಃ ಸಂದಂತಾಗುವುದು.