ಉಚಿತ ಆಟದ ಬೆಲೆ ಎಷ್ಟು?

ಗೇಮ್ ಎಂದ ಕೂಡಲೇ ನಮ್ಮಲ್ಲಿ ಎರಡೇ ಅಭಿಪ್ರಾಯ. ಪೋಷಕರಿಗೂ ಉಪನ್ಯಾಸಕರಿಗೂ ಅದು ಸಮಯ ಹಾಳು, ನಮಗೆ ಟೈಮ್‌ಪಾಸ್. ನಾನು ಏಳನೇ ತರಗತಿಯಿಂದ ಆಡುತ್ತಿದ್ದೇನೆ, ದ್ವಿತೀಯ ಪಿಯುಸಿಗೆ ಬಂದರೂ ಪೂರ್ತಿ ಬಿಟ್ಟಿಲ್ಲ. ಆದರೂ ಈ ಎರಡು ಮಾತೂ ನನಗೆ ಒಪ್ಪಿಗೆಯಿಲ್ಲ. "ಗೇಮ್ ಒಳ್ಳೆಯದೋ ಕೆಟ್ಟದ್ದೋ" ಎಂದು ಕೇಳುವುದು "ಪುಸ್ತಕ ಒಳ್ಳೆಯದೋ ಕೆಟ್ಟದ್ದೋ" ಎಂದು ಕೇಳಿದ ಹಾಗೆ. ಯಾವ ಗೇಮ್, ಅದು ಯಾರ ದುಡ್ಡಿನಲ್ಲಿ ನಡೆಯುತ್ತದೆ, ನಮ್ಮಿಂದ ಏನು ಕೇಳುತ್ತದೆ ಎಂದು ನೋಡಬೇಕು.

ನಮ್ಮ ಕಾಲೇಜಿನಲ್ಲಿ ಹೆಚ್ಚಿನವರು ಆಡುವುದು ಫೋನಿನಲ್ಲಿ ಉಚಿತವಾಗಿ ಸಿಗುವ ಗೇಮ್‌ಗಳನ್ನು. ಇನ್‌ಸ್ಟಾಲ್ ಮಾಡಲು ಒಂದು ರೂಪಾಯಿಯೂ ಬೇಡ. ಹಾಗಾದರೆ ಕಂಪನಿ ನಡೆಯುವುದು ಹೇಗೆ? ಒಳಗಿನ ಅಂಗಡಿಯಿಂದ. ಆದ್ದರಿಂದ ಇಂಥ ಗೇಮ್‌ನ ವಿನ್ಯಾಸ ಮಾಡುವವರ ಮುಂದೆ ಎರಡು ಕೆಲಸ ಇರುತ್ತವೆ: ನಾವು ದಿನಾ ಬರಬೇಕು, ಬಂದವರು ಅಂಗಡಿಗೆ ಹೋಗಬೇಕು. ದಿನಾ ಲಾಗಿನ್ ಆದರೆ ಬಹುಮಾನ, ಒಂದು ದಿನ ತಪ್ಪಿದರೆ ಹೋಯಿತು. ಪಾಸ್ ಮುಗಿಯಲು "ಇನ್ನು 3 ದಿನ ಮಾತ್ರ" ಎಂಬ ಗಡಿಯಾರ. ರೂಪಾಯಿಯಲ್ಲಿ ನೇರವಾಗಿ ಏನೂ ಸಿಗುವುದಿಲ್ಲ, ಮೊದಲು ಡೈಮಂಡ್ ಅಥವಾ ಕಾಯಿನ್ ಕೊಳ್ಳಬೇಕು. 80 ಡೈಮಂಡಿನ ವಸ್ತು ಬೇಕೆಂದರೆ 100ರ ಪ್ಯಾಕ್ ಇರುತ್ತದೆ. ಉಳಿದ 20 ಸುಮ್ಮನೆ ಕೂತು ಮುಂದಿನ ಪ್ಯಾಕಿಗೆ ಕರೆಯುತ್ತದೆ. ಇದೆಲ್ಲ ಯಾರೋ ಕೂತು ಲೆಕ್ಕ ಹಾಕಿ ಮಾಡಿದ್ದು.

ಕಳೆದ ಈದ್‌ಗೆ ನನ್ನ ಚಿಕ್ಕಪ್ಪನ ಮಗನಿಗೆ ಮನೆಯ ಹಿರಿಯರಿಂದೆಲ್ಲ ಸೇರಿ 1,700 ರೂಪಾಯಿ ಈದಿ ಸಿಕ್ಕಿತ್ತು. ಅವನು 8ನೇ ತರಗತಿ. ಅವನಿಗೆ ಬೇಕಿದ್ದದ್ದು ಒಂದು ಗನ್ ಸ್ಕಿನ್. ಅದನ್ನು ನೇರವಾಗಿ ಮಾರುವುದಿಲ್ಲ, ಕ್ರೇಟ್ ತೆರೆಯಬೇಕು, ಬಂದರೆ ಬಂತು. ಬಂದದ್ದು ಟೀ ಶರ್ಟು, ಟೋಪಿ, ಮತ್ತೆ ಅದೇ ಟೀ ಶರ್ಟು. ಮೂರು ದಿನದಲ್ಲಿ ಈದಿ ಖಾಲಿ. ಆಗ ಅವನು ಹೇಳಿದ ಮಾತು: "ಭಾಯ್, ಇನ್ನೊಂದು ಕ್ರೇಟ್ ತೆರೆದಿದ್ರೆ ಬರ್ತಿತ್ತು." ದುಡ್ಡು ಹೋದದ್ದಕ್ಕಿಂತ ನನಗೆ ಹೆದರಿಕೆ ಆದದ್ದು ಆ ಮಾತಿಗೆ. ದುಡ್ಡು ಹಾಕಿ ಅದೃಷ್ಟ ನೋಡುವುದಕ್ಕೆ ನಮ್ಮ ಮನೆಗಳಲ್ಲಿ ಒಂದೇ ಹೆಸರು, ಜೂಜು. ಕಾರ್ಟೂನ್ ಬಣ್ಣ ಬಳಿದ ಮಾತ್ರಕ್ಕೆ ಅದು ಬೇರೆ ಆಗುತ್ತದೆಯೇ?

ಹೀಗೆ ಕೇಳಿದವನು ನಾನೊಬ್ಬನೇ ಅಲ್ಲ. 2017ರಲ್ಲಿ 'ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2' ಬಂದಾಗ, ಪೂರ್ತಿ ಬೆಲೆ ಕೊಟ್ಟು ಕೊಂಡವರಿಗೂ ಒಳಗೆ ಇಂಥ ಪೆಟ್ಟಿಗೆಗಳಿದ್ದವು. ಆಟಗಾರರ ಸಿಟ್ಟು ಎಷ್ಟಿತ್ತೆಂದರೆ, ಬಿಡುಗಡೆಗೆ ಸ್ವಲ್ಪ ಮುಂಚೆ ಕಂಪನಿ ಒಳಗಿನ ಖರೀದಿಯನ್ನೇ ನಿಲ್ಲಿಸಬೇಕಾಯಿತು. 2018ರಲ್ಲಿ ಬೆಲ್ಜಿಯಂನ ಜೂಜು ನಿಯಂತ್ರಣ ಆಯೋಗ ಕೆಲವು ಪ್ರಸಿದ್ಧ ಗೇಮ್‌ಗಳ ಇಂಥ ಪೆಟ್ಟಿಗೆಗಳು ಜೂಜೇ ಎಂದು ಹೇಳಿತು. 2022ರ ಡಿಸೆಂಬರ್‌ನಲ್ಲಿ 'ಫೋರ್ಟ್‌ನೈಟ್' ಮಾಡುವ ಎಪಿಕ್ ಗೇಮ್ಸ್ ಅಮೆರಿಕದಲ್ಲಿ ಒಟ್ಟು 52 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಅದರಲ್ಲಿ 24.5 ಕೋಟಿ ಡಾಲರ್ ಆಟಗಾರರಿಗೆ ಹಿಂದಿರುಗಿಸಲು. ಬಟನ್‌ಗಳನ್ನು ಗೊಂದಲವಾಗುವ ಹಾಗೆ ಇಟ್ಟು, ಒಂದೇ ಒತ್ತಿಗೆ ದುಡ್ಡು ಕಟ್ ಆಗುವ ಹಾಗೆ ಮಾಡಿದ್ದರು ಎಂಬುದು ಅಲ್ಲಿನ ಸರ್ಕಾರಿ ಸಂಸ್ಥೆಯ ಆರೋಪವಾಗಿತ್ತು.

ಇದರ ಅರ್ಥ ಉಚಿತ ಎಂಬುದೆಲ್ಲ ಮೋಸ ಎಂದಲ್ಲ. ಚೆಸ್ ಆಡುವ 'ಲಿಚೆಸ್' ಪೂರ್ತಿ ಉಚಿತ. ಜಾಹೀರಾತಿಲ್ಲ, ಅಂಗಡಿ ಇಲ್ಲ, ಬಳಸುವವರ ದೇಣಿಗೆಯಿಂದ ನಡೆಯುತ್ತದೆ. ದುಡ್ಡು ಕೊಟ್ಟು ಕೊಳ್ಳುವುದರಲ್ಲೂ ಒಳ್ಳೆಯವಿವೆ. 'ಸ್ಟಾರ್‌ಡ್ಯೂ ವ್ಯಾಲಿ' ಎಂಬ ಹೊಲ ಮಾಡುವ ಗೇಮ್ ಅನ್ನು ಎರಿಕ್ ಬ್ಯಾರೋನ್ ಎಂಬ ಒಬ್ಬರೇ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕೂತು ಮಾಡಿ 2016ರಲ್ಲಿ ಬಿಟ್ಟರು. ಒಮ್ಮೆ ಬೆಲೆ ಕೊಟ್ಟರೆ ಮುಗಿಯಿತು, ಆಮೇಲೆ ಬಂದ ದೊಡ್ಡ ಅಪ್‌ಡೇಟ್‌ಗಳೂ ಉಚಿತ. ಅದು ಫೋನಿಗೂ ಸಿಗುತ್ತದೆ. 'ಹಾಲೋ ನೈಟ್' ಬಹಳ ಕಷ್ಟದ ಗೇಮ್, ನೂರು ಸಲ ಸಾಯುತ್ತೇವೆ. ಆದರೆ ಪ್ರತಿ ಸಲವೂ ಎಲ್ಲಿ ತಪ್ಪಿತು ಎಂದು ಗೊತ್ತಾಗುತ್ತದೆ, ಕೈ ಕಲಿಯುತ್ತದೆ. 'ಸೆಲೆಸ್ಟ್' ಅಷ್ಟೇ ಕಷ್ಟ, ಆದರೆ ಆಗದವರಿಗೆ ವೇಗ ಕಡಿಮೆ ಮಾಡಿಕೊಳ್ಳುವ ಸೌಲಭ್ಯ ಒಳಗೇ ಇದೆ. ಒಳ್ಳೆಯ ವಿನ್ಯಾಸ ಎಂದರೆ ನನಗೆ ಇದು: ಸೋತರೆ ಪಾಠ ಸಿಗಬೇಕು, ಪರ್ಸ್ ತೆಗೆಯುವ ಮನಸ್ಸಾಗಬಾರದು. ಸಾಕು ಎಂದು ಎದ್ದರೆ ಏನೂ ಕಳೆದುಕೊಳ್ಳಬಾರದು.

ಇನ್ನು ಕೊಳ್ಳುವ ವಿಷಯ. ಬಿಡುಗಡೆಗೆ ಮುಂಚೆ ಬುಕ್ ಮಾಡಬೇಡಿ. 'ಸೈಬರ್‌ಪಂಕ್ 2077' 2020ರ ಡಿಸೆಂಬರ್ 10ರಂದು ಬಂತು. ಮುಂಚಿತವಾಗಿ ವಿಮರ್ಶಕರಿಗೆ ಕೊಟ್ಟದ್ದು ಕಂಪ್ಯೂಟರಿನ ಪ್ರತಿ ಮಾತ್ರ. ಅಂಕಗಳು ಚೆನ್ನಾಗಿಯೇ ಬಂದವು. ಹಳೆಯ ಪ್ಲೇಸ್ಟೇಷನ್ 4ರಲ್ಲಿ ಹಾಕಿದವರಿಗೆ ಆಡಲಾಗದಷ್ಟು ತೊಂದರೆ. ಒಂದೇ ವಾರದಲ್ಲಿ ಸೋನಿ ಅದನ್ನು ತನ್ನ ಅಂಗಡಿಯಿಂದ ತೆಗೆದು ದುಡ್ಡು ವಾಪಸ್ ಕೊಟ್ಟಿತು. 2021ರ ಜೂನ್‌ವರೆಗೆ ಅದು ಅಲ್ಲಿ ಮತ್ತೆ ಕಾಣಲಿಲ್ಲ. ಕಂಪನಿ ಮುಂದೆ ಸರಿಪಡಿಸಿತು, ಈಗ ಅದು ಒಳ್ಳೆಯ ಗೇಮ್, ಬೆಲೆಯೂ ಇಳಿದಿದೆ. ಕಾದವರಿಗೆ ಎರಡೂ ಲಾಭ. ಕಂಪ್ಯೂಟರಿನಲ್ಲಿ ಆಡುವವರಿಗೆ ಇನ್ನೊಂದು ಮಾತು: ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಕೊಂಡ ಮೇಲೂ ಅದು ಪೂರ್ತಿ ನಮ್ಮದಲ್ಲ ಎಂಬುದನ್ನೂ ನೆನಪಿಡಿ. ಸದಾ ಇಂಟರ್‌ನೆಟ್ ಬೇಕಿದ್ದ 'ದಿ ಕ್ರೂ' ಎಂಬ ಕಾರ್ ಗೇಮ್‌ನ ಸರ್ವರ್ 2024ರ ಮಾರ್ಚ್ 31ಕ್ಕೆ ನಿಂತಿತು. ದುಡ್ಡು ಕೊಟ್ಟವರ ಬಳಿ ಉಳಿದದ್ದು ತೆರೆಯದ ಗೇಮ್.

ವಿಮರ್ಶೆಯನ್ನು ನಂಬಬಹುದೇ? ನಂಬಬಹುದು, ಆದರೆ ಅಂಕ ನೋಡಿ ಅಲ್ಲ. 10ಕ್ಕೆ 9 ಎಂದರೆ ಅದು ಅವರ ಯಂತ್ರದಲ್ಲಿ, ಅವರ ಬಿಡುವಿನಲ್ಲಿ ಬಂದ 9. ನಮ್ಮದು 4 ಜಿಬಿ ರ್‍ಯಾಮ್‌ನ ಫೋನ್, ನಮಗಿರುವುದು ಟ್ಯೂಷನ್ ಮುಗಿದ ಮೇಲಿನ ಅರ್ಧ ಗಂಟೆ. ವಿಡಿಯೋ ಮಾಡುವವರು ಕ್ರೇಟ್ ತೆರೆದು ಕಿರುಚುವುದನ್ನು ವಿಮರ್ಶೆ ಎಂದುಕೊಳ್ಳಬೇಡಿ. ಅವರಿಗೆ ಕ್ರೇಟಿನ ದುಡ್ಡು ಯಾರು ಕೊಟ್ಟರು ಎಂದು ಮೊದಲು ಕೇಳಿ. ಸ್ಟೀಮ್‌ನಲ್ಲಿ ವಿಮರ್ಶೆಯ ಪಕ್ಕದಲ್ಲೇ ಬರೆದವರು ಎಷ್ಟು ಗಂಟೆ ಆಡಿದ್ದಾರೆ ಎಂದು ಇರುತ್ತದೆ. ನಾನು ಮೊದಲು ಓದುವುದು 40-50 ಗಂಟೆ ಆಡಿಯೂ ಬೇಡ ಎಂದವರದ್ದು. ಅವರ ದೂರು ನನಗೆ ತಾಗದಿದ್ದರೆ ಮಾತ್ರ ಮುಂದೆ ಹೋಗುತ್ತೇನೆ.

ಗೌರವಾನ್ವಿತ ಉಪನ್ಯಾಸಕರಲ್ಲೂ ಒಂದು ವಿನಂತಿ. ಪರೀಕ್ಷೆ ಹತ್ತಿರ ಬಂದಾಗ ಗೇಮ್ ಬದಿಗಿಡಬೇಕು ಎಂಬುದರಲ್ಲಿ ನನಗೆ ತಕರಾರಿಲ್ಲ. ಆದರೆ "ಗೇಮ್ ಬಿಡು" ಎಂದಷ್ಟೇ ಹೇಳಿದರೆ ಹುಡುಗರು ಅದನ್ನು ಮುಚ್ಚಿಡುತ್ತಾರೆ, ಹೋದ ದುಡ್ಡನ್ನೂ ಮುಚ್ಚಿಡುತ್ತಾರೆ. "ಯಾವ ಗೇಮ್? ಅದರಲ್ಲಿ ಅಂಗಡಿ ಇದೆಯಾ? ಇದುವರೆಗೆ ಎಷ್ಟು ಹಾಕಿದ್ದೀಯ?" ಎಂದು ಕೇಳಿ ನೋಡಿ. ಕ್ರೇಟಿನಲ್ಲಿ ಬೇಕಾದ್ದು ಬರುವ ಸಾಧ್ಯತೆ ನೂರಕ್ಕೆ ಒಂದು ಇದ್ದರೆ, ನೂರು ಕ್ರೇಟ್ ತೆರೆದರೂ ಅದು ಬಾರದೆ ಹೋಗುವ ಸಾಧ್ಯತೆ ಸುಮಾರು 37 ಶೇಕಡಾ. ಇದು ನಮ್ಮ ಗಣಿತ ಪಠ್ಯದ ಸಂಭವನೀಯತೆಯ ಲೆಕ್ಕವೇ. ತರಗತಿಯಲ್ಲಿ ಒಮ್ಮೆ ಇದನ್ನು ಬೋರ್ಡಿನ ಮೇಲೆ ಮಾಡಿಸಿದರೆ ಹತ್ತು ಉಪದೇಶಕ್ಕಿಂತ ಹೆಚ್ಚು ಕೆಲಸ ಆಗುತ್ತದೆ.

ಸ್ನೇಹಿತರೇ, ಈ ಪತ್ರಿಕೆಯ ಮುಂದಿನ ಸಂಚಿಕೆಯಿಂದ ನೀವು ಆಡಿದ ಒಂದು ಗೇಮ್ ಬಗ್ಗೆ ಹತ್ತು ಸಾಲು ಬರೆದು ಸಂಪಾದಕ ಮಂಡಳಿಗೆ ಕೊಡಿ. ಅಂಕ ಬೇಡ. ಎಷ್ಟು ದುಡ್ಡು ಹೋಯಿತು, ಎಷ್ಟು ಗಂಟೆ ಹೋಯಿತು, ಏನು ಸಿಕ್ಕಿತು, ತಮ್ಮನಿಗೋ ತಂಗಿಗೋ ಆಡಲು ಕೊಡುತ್ತೀರಾ, ಇಷ್ಟು ಬರೆದರೆ ಸಾಕು.