ನಡುಮನೆಗೆ ಬಂದ ಹೆಲಿಕಾಪ್ಟರು

ನಮ್ಮ ನಡುಮನೆಗೆ ಒಂದು ಹೆಲಿಕಾಪ್ಟರು ಬಂದು ಸೇರಿ ಮೂರು ವರ್ಷವಾಯಿತು. ಗಾಬರಿಯಾಗಬೇಡಿ, ಬಂದದ್ದು ಅದರ ಸದ್ದು ಮಾತ್ರ. ಹಿಂದಿನ ಗೋಡೆಯಿಂದ ಹೊರಟು, ನಮ್ಮ ತಲೆಯ ಮೇಲೆ ಹಾದು, ಟೀವಿಯ ಬಲಗಡೆ ಹೋಗಿ ಇಳಿಯುತ್ತದೆ. ಮನೆಗೆ ಬಂದ ನೆಂಟರಿಗೆಲ್ಲ ನಮ್ಮ ಯಜಮಾನರು ಕಾಫಿಗಿಂತ ಮೊದಲು ಇದನ್ನೇ ಕೇಳಿಸುತ್ತಾರೆ. ಅದಕ್ಕೆ ಜಾಗ ಮಾಡಿಕೊಡಲೆಂದು ನನ್ನ ಹಳೆಯ ಸ್ಟೀರಿಯೋ, ಅದರ ಎರಡು ಮರದ ಸ್ಪೀಕರುಗಳ ಸಮೇತ ಅಟ್ಟ ಹತ್ತಿತು. ಅಟ್ಟದಲ್ಲಿ ಅದಕ್ಕೆ ಜೊತೆ ಸಿಕ್ಕಿತು ಅನ್ನಿ. ನನ್ನ ವೀಣೆ ಎರಡನೆಯ ಮಗು ಹುಟ್ಟಿದ ವರ್ಷವೇ ಅಲ್ಲಿಗೆ ಹೋಗಿ ಕೂತಿತ್ತು.

ಈ ಪ್ರಬಂಧ ಹೋಮ್ ಥಿಯೇಟರ್ ರಿಸೀವರ್ ಎಂಬ ಕರಿಯ ಪೆಟ್ಟಿಗೆಯ ಬಗ್ಗೆ. 'ಅದು ಗಂಡಸರ ವಿಷಯ, ನಮಗ್ಯಾಕೆ?' ಎಂದು ಪುಟ ತಿರುಗಿಸಲು ಹೊರಟಿರಾ? ಸ್ವಲ್ಪ ತಾಳಿ. ನನ್ನ ಜಗಳವಿರುವುದೇ ಆ ಮಾತಿನ ಮೇಲೆ.

ಅಂಗಡಿಗೆ ನಾವಿಬ್ಬರೂ ಹೋಗಿದ್ದೆವು. ಎರಡು ರಿಸೀವರುಗಳನ್ನು ಪಕ್ಕಪಕ್ಕದಲ್ಲಿ ಇಟ್ಟಿದ್ದರು. ಅಂಗಡಿಯ ಹುಡುಗ ಇವರ ಕಡೆ ತಿರುಗಿ, "ಸಾರ್, ಇದು ಚಾನಲ್ಲಿಗೆ ನೂರೈವತ್ತು ವಾಟು, ಅದು ಬರೀ ಎಂಬತ್ತು" ಎಂದ. ಆಮೇಲೆ ನನ್ನ ಕಡೆ ತಿರುಗಿ, "ಮೇಡಂ, ಸ್ಪೀಕರ್ ಬಿಳೀ ಬಣ್ಣದಲ್ಲೂ ಬರುತ್ತೆ, ನಿಮ್ಮ ಗೋಡೆಗೆ ಒಪ್ಪುತ್ತೆ" ಎಂದ. ವಾಟು ಅವರಿಗೆ, ಬಣ್ಣ ನನಗೆ! ನನ್ನ ಚೀಲದಲ್ಲಿ ವೀಣೆ ದೊರೆಸ್ವಾಮಿ ಅಯ್ಯಂಗಾರರ ಒಂದು ಸೀಡಿ ಇತ್ತು. "ಇದನ್ನು ಹಾಕಿ ಕೇಳಿಸಪ್ಪ" ಎಂದೆ. "ಇಲ್ಲಿ ಸೀಡಿ ಪ್ಲೇಯರ್ ಕನೆಕ್ಟ್ ಮಾಡಿಲ್ಲ ಮೇಡಂ. ಇದರಲ್ಲಿ ಎಲ್ಲಾನೂ ಚೆನ್ನಾಗೇ ಬರುತ್ತೆ" ಎಂದು ಹೇಳಿ ಗುಂಡಿ ಒತ್ತಿದ. ಹೆಲಿಕಾಪ್ಟರು ಹಾರಿತು, ಒಂದು ಕಟ್ಟಡ ಕುಸಿಯಿತು, ನನ್ನ ಎದೆ ಧಸಕ್ಕೆಂದಿತು. ಇವರ ಮುಖ ಅರಳಿತು. ವ್ಯಾಪಾರ ಮುಗಿಯಿತು.

ಮನೆಗೆ ಬಂದು ಎಲ್ಲ ಜೋಡಿಸಿಯಾದ ಮೇಲೆ, ಮಾರನೆಯ ಬೆಳಿಗ್ಗೆ ಯಾರೂ ಏಳುವ ಮುಂಚೆ ಆ ಸೀಡಿಯನ್ನು ಹಾಕಿದೆ. ಅಯ್ಯೋ! ವೀಣೆ ಒಂದು ಕಡೆ ಕೂತು ನುಡಿಯುತ್ತಿರಲಿಲ್ಲ. ಮುಂದಿನಿಂದ ಅರ್ಧ, ಹಿಂದಿನಿಂದ ಅರ್ಧ, ಕಲ್ಯಾಣಮಂಟಪದಲ್ಲಿ ಮೈಕು ಕಟ್ಟಿದ ಹಾಗೆ ಕೇಳುತ್ತಿತ್ತು. ಮೂಲೆಯ ದೊಡ್ಡ ಸಬ್‌ವೂಫರು ಮೃದಂಗದ ಎಡಗೈ ಬಿದ್ದಾಗೆಲ್ಲ ಗುಂಯ್ ಎಂದು ಗುಡುಗುತ್ತಿತ್ತು. ಮೈಸೂರು ಬಾನಿಯ ವೀಣೆಯಲ್ಲಿ ಕಿರುಬೆರಳು ತಾಳದ ತಂತಿಗಳನ್ನು ಮೆಲ್ಲನೆ ಮುಟ್ಟುವುದನ್ನು, ಒಂದು ಮೀಟು ಮುಗಿದ ಮೇಲೂ ತಂತಿಯಲ್ಲಿ ಉಳಿದ ನಾದ ಇನ್ನೊಂದು ಸ್ವರಕ್ಕೆ ಜಾರುವುದನ್ನು ನಾನು ಹಳೆಯ ಸ್ಟೀರಿಯೋದಲ್ಲಿ ಪ್ರತಿದಿನ ಕೇಳುತ್ತಿದ್ದೆ. ಅದೆಲ್ಲ ಎಲ್ಲಿ ಹೋಯಿತೋ! ಊದೋದು ಕೊಟ್ಟು ಬಾರಿಸೋದು ತಗೊಂಡ ಹಾಗಾಯಿತಲ್ಲ ಎಂದು ಕಣ್ಣಲ್ಲಿ ನೀರು ಬಂತು. ಇವರು ಎದ್ದು ಬಂದವರು, "ನಿನಗೆ ಹಳೇದೇ ಅಭ್ಯಾಸ. ಎರಡು ದಿನ ಕೇಳು, ಸರಿಹೋಗುತ್ತೆ" ಎಂದರು.

ಎರಡು ದಿನವಲ್ಲ, ಎರಡು ತಿಂಗಳು ಕೇಳಿದೆ. ಸರಿಹೋಗಲಿಲ್ಲ. ಆಮೇಲೆ ಫೋನಿನ ಪುಟ್ಟ ಸ್ಪೀಕರಿನಲ್ಲಿ, ಅಡುಗೆಮನೆಯ ಕುಕ್ಕರಿನ ಪಕ್ಕ ಇಟ್ಟುಕೊಂಡು ಕೇಳತೊಡಗಿದೆ. ನಡುಮನೆಯಲ್ಲಿ ಅಷ್ಟೊಂದು ಸಾವಿರದ ಪೆಟ್ಟಿಗೆ, ಮನೆಯಲ್ಲಿ ದಿನಕ್ಕೆ ನಾಲ್ಕು ಗಂಟೆ ಸಂಗೀತ ಕೇಳುವವಳಿಗೆ ಬೆಂಕಿಪೊಟ್ಟಣದಷ್ಟು ಸ್ಪೀಕರು. ಇದರಲ್ಲಿ ಏನೋ ಅನ್ಯಾಯವಿದೆ ಎಂದು ನನಗೆ ಹೊಳೆಯಲು ಇಷ್ಟು ದಿನ ಬೇಕಾಯಿತು, ನೋಡಿ. ನಮಗೆ ಹೊಳೆಯುವುದೇ ತಡ.

ಆಗ ಹಠ ಬಂತು. ಪೆಟ್ಟಿಗೆಯ ಜೊತೆ ಕೊಟ್ಟಿದ್ದ ಪುಸ್ತಕ ತೆಗೆದು ಕೂತೆ. ಇಂಜಿನಿಯರಿಂಗ್ ಓದಿದ ಮಗನನ್ನು ಕಾಡಿ ಕೇಳಿ ತಿಳಿದುಕೊಂಡೆ. ತಿಳಿದದ್ದನ್ನು ನಮ್ಮ ಭಾಷೆಯಲ್ಲಿ ಹೇಳುತ್ತೇನೆ.

ಮೊದಲು ಆ ನೂರೈವತ್ತು ವಾಟಿನ ಕತೆ. ದೊಡ್ಡ ಅಕ್ಷರದಲ್ಲಿ '150 ವಾಟ್'. ಕೆಳಗೆ ಇರುವೆಯಂಥ ಅಕ್ಷರದಲ್ಲಿ 'ಒಂದೇ ಚಾನಲ್ ದುಡಿಯುವಾಗ, 6 ಓಮ್, 1 ಕಿಲೋಹರ್ಟ್ಸ್, 10 ಶೇಕಡಾ ವಿರೂಪ'. ಅಂದರೆ ಏಳು ಜನರ ಅಡುಗೆ ಮಾಡುತ್ತೇನೆಂದು ಬಂದವನು ಒಬ್ಬರ ಊಟಕ್ಕೆ ಮಾತ್ರ ಲೆಕ್ಕ ಕೊಟ್ಟ ಹಾಗೆ. ಹತ್ತು ಶೇಕಡಾ ವಿರೂಪವೆಂದರೆ ಹತ್ತರಲ್ಲಿ ಒಂದು ಪಾಲು ಕಲ್ಲು ಸೇರಿದ ಅಕ್ಕಿ. ಅಂಥ ಅಕ್ಕಿಯನ್ನು ನಾವು ಮನೆಗೆ ತರುತ್ತೇವೆಯೇ? ಅದೇ ಪೆಟ್ಟಿಗೆಗೆ ಎರಡು ಚಾನಲ್ ಒಟ್ಟಿಗೆ ದುಡಿಯುವಾಗ, 20ರಿಂದ 20,000 ಹರ್ಟ್ಸ್‌ವರೆಗಿನ ಸ್ವರಗಳಿಗೆಲ್ಲ, 0.08 ಶೇಕಡಾ ವಿರೂಪಕ್ಕೆ ಎಷ್ಟು ಎಂದು ನೋಡಿದರೆ, ಪುಸ್ತಕದ ಕೊನೆಯ ಪುಟದಲ್ಲಿ '80 ವಾಟ್' ಎಂದಿತ್ತು! ಪಕ್ಕದಲ್ಲಿದ್ದ ಅಗ್ಗದ ಪೆಟ್ಟಿಗೆ ಅಂಗಡಿಯಲ್ಲಿ ಪ್ರಾಮಾಣಿಕವಾಗಿ ಹೇಳಿಕೊಂಡಿದ್ದ ಎಂಬತ್ತು ಇದೇ.

ಹೋಗಲಿ, ನಿಜವಾಗಿಯೇ ನೂರೈವತ್ತು ಇದ್ದಿದ್ದರೂ ಏನಾಗುತ್ತಿತ್ತು? ವಾಟು ಎರಡರಷ್ಟಾದರೆ ಸದ್ದು ಎರಡರಷ್ಟಾಗುವುದಿಲ್ಲ, ಮೂರು ಡೆಸಿಬೆಲ್ ಮಾತ್ರ ಏರುತ್ತದೆ. ಕಿವಿಗೆ 'ಈಗ ಎರಡರಷ್ಟು ಜೋರಾಯಿತು' ಅನ್ನಿಸಲು ಸುಮಾರು ಹತ್ತು ಡೆಸಿಬೆಲ್, ಅಂದರೆ ಹತ್ತು ಪಟ್ಟು ವಾಟು ಬೇಕು. ಎಂಬತ್ತಕ್ಕೂ ನೂರೈವತ್ತಕ್ಕೂ ಇರುವ ಅಂತರ ಮೂರು ಡೆಸಿಬೆಲ್ಲಿಗೂ ಕಡಿಮೆ. ಇಷ್ಟಕ್ಕೂ ನಮ್ಮಂಥವರ ನಡುಮನೆಯಲ್ಲಿ ಹದವಾಗಿ ಹಾಡು ಕೇಳುವಾಗ ಸರಾಸರಿ ಒಂದೆರಡು ವಾಟು ಖರ್ಚಾದರೆ ಹೆಚ್ಚು. ಗಟ್ಟಿಯಾಗಿ ಮೃದಂಗ ಬಿದ್ದ ಕ್ಷಣಕ್ಕೆ ಇನ್ನಷ್ಟು ಬೇಕು, ನಿಜ. ಎಂಬತ್ತರಲ್ಲಿ ಅದು ಧಾರಾಳ. ನಮ್ಮ ಮೈಸೂರಿನಲ್ಲೇ 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ 'ಆಕಾಶವಾಣಿ' ಆರಂಭಿಸಿದಾಗ ಅವರ ಬಳಿ ಇದ್ದದ್ದು 30 ವಾಟಿನ ಟ್ರಾನ್ಸ್‌ಮಿಟರು. "ಅಮ್ಮ, ಆ ವಾಟು ಬೇರೆ, ಈ ವಾಟು ಬೇರೆ" ಎಂದು ಮಗ ತಿದ್ದುತ್ತಾನೆ. ಗೊತ್ತಪ್ಪ. ಆದರೂ ಮೂವತ್ತು ವಾಟಿನಲ್ಲಿ ಊರಿಗೆಲ್ಲ ಸಂಗೀತ ಹಂಚಿದವರ ಊರಿನಲ್ಲಿ, ಹನ್ನೆರಡಡಿಯ ಕೋಣೆಗೆ ಸಾವಿರ ವಾಟು ಕೊಳ್ಳುವುದು ಕಂಡರೆ ನನಗೆ ನಗು ಬರುತ್ತದೆ.

ಎರಡನೆಯದು ಜೋರಿನ ಮೋಸ. ಎರಡು ಪೆಟ್ಟಿಗೆ ಹೋಲಿಸುವಾಗ ಒಂದನ್ನು ಕೂದಲೆಳೆಯಷ್ಟು ಜೋರಾಗಿಟ್ಟರೆ ಸಾಕು, ಅದೇ 'ಚೆನ್ನಾಗಿದೆ' ಎಂದು ಕಿವಿ ತೀರ್ಪು ಕೊಡುತ್ತದೆ. ಸದ್ದು ಸಣ್ಣದಾದಷ್ಟೂ ನಮ್ಮ ಕಿವಿಗೆ ತಗ್ಗಿನ ಸ್ವರಗಳು ಕಡಿಮೆ ಕೇಳುತ್ತವೆ, ಜೋರಾದಾಗ ತುಂಬಿಕೊಂಡು ಕೇಳುತ್ತವೆ. ಫ್ಲೆಚರ್ ಮತ್ತು ಮನ್ಸನ್ ಎಂಬ ಅಮೆರಿಕದ ವಿಜ್ಞಾನಿಗಳು 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಇನ್ನೊಂದು ಸ್ವಾರಸ್ಯ ಕೇಳಿ. ಅಮೆರಿಕದ 'ಸ್ಟೀರಿಯೋ ರಿವ್ಯೂ' ಪತ್ರಿಕೆ 1987ರಲ್ಲಿ ಇನ್ನೂರು ಚಿಲ್ಲರೆ ಡಾಲರಿನ ರಿಸೀವರಿನಿಂದ ಹಿಡಿದು ಹನ್ನೆರಡು ಸಾವಿರ ಡಾಲರಿನ ಆಂಪ್ಲಿಫಯರುಗಳವರೆಗೆ ಸದ್ದು ಸಮ ಮಾಡಿ, ಯಾವುದು ನುಡಿಯುತ್ತಿದೆಯೆಂದು ಹೇಳದೆ ಜನರಿಗೆ ಕೇಳಿಸಿತು. ಯಾವುದು ಯಾವುದೆಂದು ನಂಬುವ ಹಾಗೆ ಗುರುತಿಸಲು ಅವರಿಗೆ ಆಗಲಿಲ್ಲ. ಎಲ್ಲ ರಿಸೀವರೂ ಒಂದೇ ಎಂದು ನಾನು ಹೇಳುತ್ತಿಲ್ಲ. ತಾಕತ್ತು ಮೀರಿ ದುಡಿಸಿದರೆ ಕಳಪೆಯದು ಕರ್ಕಶವಾಗಿ ಒರಲುವುದನ್ನು ನಾನೇ ಕೇಳಿದ್ದೇನೆ. ಹದವಾಗಿ ಕೇಳುವಾಗ ಪೆಟ್ಟಿಗೆ ಪೆಟ್ಟಿಗೆಗೆ ಇರುವ ಅಂತರಕ್ಕಿಂತ ಸ್ಪೀಕರು ಸ್ಪೀಕರಿಗೆ, ಕೋಣೆ ಕೋಣೆಗೆ ಇರುವ ಅಂತರ ಎಷ್ಟೋ ದೊಡ್ಡದು. ನನ್ನ ಮಾತು ಇಷ್ಟೇ.

ಮೂರನೆಯದೇ ಮುಖ್ಯ. ಸಿನಿಮಾದ ಸದ್ದಿಗೆ ಐದಾರು ದಿಕ್ಕು ಬೇಕು. ಮಾತಿಗೆ ನಡುವಿನ ಸ್ಪೀಕರು, ಸ್ಫೋಟಕ್ಕೆ ಮೂಲೆಯ ಸಬ್‌ವೂಫರು, ಹೆಲಿಕಾಪ್ಟರಿಗೆ ಹಿಂದಿನವು. ನಾವು ಕೇಳುವ ಸಂಗೀತದ ಬಹುಪಾಲು ಮುದ್ರಣವಾಗಿರುವುದು ಎರಡೇ ಚಾನಲ್ಲಿಗೆ. ನಮ್ಮ ತಾಯಂದಿರು ಕೇಳಿದ ಹಳೆಯ ರೆಕಾರ್ಡುಗಳಿಗಂತೂ ಒಂದೇ. ಎರಡಕ್ಕಿದ್ದದ್ದನ್ನು ಏಳಕ್ಕೆ ಹಂಚು ಎಂದರೆ ಪೆಟ್ಟಿಗೆ ಏನು ಮಾಡೀತು? ಇಲ್ಲದ ದಿಕ್ಕುಗಳನ್ನು ತಾನೇ ಊಹಿಸಿ ತುಂಬುತ್ತದೆ, ಇಬ್ಬರಿಗೆ ಮಾಡಿದ ಸಾರಿಗೆ ನೀರು ಬೆರೆಸಿ ಏಳು ಜನರಿಗೆ ಬಡಿಸಿದ ಹಾಗೆ. ನನ್ನ ವೀಣೆ ನೀರಾದದ್ದು ಹೀಗೆ.

ಪರಿಹಾರ ಪೆಟ್ಟಿಗೆಯಲ್ಲೇ ಇತ್ತು! ರಿಮೋಟಿನಲ್ಲಿ 'ಡೈರೆಕ್ಟ್' ಎಂಬ ಒಂದು ಗುಂಡಿ. ಒತ್ತಿದರೆ ಊಹೆ ಗೀಹೆ ಬಿಟ್ಟು ಸೀಡಿಯಲ್ಲಿದ್ದದ್ದನ್ನು ಎರಡು ಸ್ಪೀಕರಿಗೆ ಹಾಗೇ ಕೊಡುತ್ತದೆ. ಎರಡು ತಿಂಗಳಲ್ಲಿ ಯಾರೂ ಅದನ್ನು ಒತ್ತಿರಲಿಲ್ಲ. ಅಟ್ಟದಿಂದ ಮರದ ಸ್ಪೀಕರುಗಳನ್ನು ಇಳಿಸಿ, ಗೋಡೆಯಿಂದ ಎರಡಡಿ ಮುಂದಕ್ಕೆ ತಂದು, ಅವುಗಳ ನಡುವಿನ ಅಂತರದಷ್ಟೇ ದೂರದಲ್ಲಿ ನನ್ನ ಕುರ್ಚಿ ಹಾಕಿದೆ. ನೆಲಕ್ಕೆ ಜಮಖಾನ ಹಾಸಿದೆ. ವೀಣೆ ಮತ್ತೆ ಎರಡು ಸ್ಪೀಕರುಗಳ ನಡುವೆ ಬಂದು ಕೂತಿತು, ಕಿರುಬೆರಳಿನ ಸಮೇತ. ಖರ್ಚು ಸೊನ್ನೆ. "ಸ್ಪೀಕರು ನಡುಮನೆಯಲ್ಲಿ ಕಾಲಿಗೆ ಅಡ್ಡ ಬರುತ್ತೆ" ಎಂದರು ಇವರು. "ನಿಮ್ಮ ಸಬ್‌ವೂಫರು ಮೂರು ವರ್ಷ ಕಸ ಗುಡಿಸುವವಳಿಗೆ ಅಡ್ಡ ಬರಲಿ, ಪರವಾಗಿಲ್ಲವೇ?" ಎಂದೆ. ಆಮೇಲೆ ಮಾತಿಲ್ಲ.

ಇವರು ಕೆಟ್ಟವರೆಂದು ತಿಳಿಯಬೇಡಿ. ಹೆಲಿಕಾಪ್ಟರಿನ ಆಸೆ ತಪ್ಪೂ ಅಲ್ಲ. ಮನೆಮಂದಿಯೆಲ್ಲ ಕೂತು ಸಿನಿಮಾ ನೋಡಲು ಆ ಪೆಟ್ಟಿಗೆ ಸೊಗಸಾಗಿದೆ, ನಾನೂ ನೋಡುತ್ತೇನೆ. ಸಂಗೀತಕ್ಕೆಂದೂ ಅದನ್ನೇ ಮಾರುವಾಗ ಸಂಗೀತವನ್ನೇ ಕೇಳಿಸದಿರುವುದು ತಪ್ಪು. ಮನೆಯಲ್ಲಿ ಸಂಗೀತ ಕಲಿತವಳನ್ನು ಗೋಡೆಯ ಬಣ್ಣಕ್ಕೆ ಮೀಸಲಿಡುವುದು ಅದಕ್ಕಿಂತ ದೊಡ್ಡ ತಪ್ಪು. ನಮ್ಮ ಊರುಗಳಲ್ಲಿ ಪಾಠದ ಮನೆಯ ಮೆಟ್ಟಿಲು ಹತ್ತಿದ ಹುಡುಗಿಯರೇನು ಕಡಿಮೆಯೇ? ಸರಳೆ ವರಸೆಯಿಂದ ವರ್ಣದವರೆಗೆ ಕಿವಿಯನ್ನು ವರ್ಷಗಟ್ಟಲೆ ಸಾಣೆ ಹಿಡಿದವರು ನಾವು. ಶ್ರುತಿ ಒಂದು ಎಳೆ ಇಳಿದರೆ ಅಡುಗೆಮನೆಯಿಂದಲೇ ಹೇಳಬಲ್ಲೆವು. ಮದುವೆಯಾದ ಮೇಲೆ ವೀಣೆ ಅಟ್ಟಕ್ಕೆ ಹೋಯಿತು, ಸರಿ. ಕಿವಿಯೂ ಅಟ್ಟಕ್ಕೆ ಹೋಗಬೇಕೆಂದು ಯಾವ ಶಾಸ್ತ್ರದಲ್ಲಿದೆ? ನಮ್ಮ ತಪ್ಪೂ ಇದೆ. 'ನನಗೇನು ತಿಳಿಯುತ್ತೆ, ನೀವೇ ನೋಡಿ' ಎಂದು ಹೇಳಿ ಹೇಳಿ, ಕೊನೆಗೆ ನಮಗೇ ಹಾಗನ್ನಿಸಿಬಿಟ್ಟಿದೆ.

ಕಳೆದ ವರ್ಷ ಹಾಸನದಲ್ಲಿ ನನ್ನ ನಾದಿನಿ ರಿಸೀವರು ಕೊಳ್ಳಲು ಹೊರಟಾಗ ನಾನೂ ಜೊತೆಗೆ ಹೋದೆ. ಅಲ್ಲಿಯೂ ಹೆಲಿಕಾಪ್ಟರು ಹಾರಲು ಸಿದ್ಧವಾಗಿತ್ತು. "ಅದನ್ನು ನಿಲ್ಲಿಸಪ್ಪ" ಎಂದೆ. ಅವಳು ದಿನವೂ ಕೇಳುವ ಹಾಡನ್ನೇ ಹಾಕಿಸಿದೆವು. ಫೋನಿನಲ್ಲಿ ಸದ್ದು ಅಳೆಯುವ ಒಂದು ಸಾಧನ ಪುಕ್ಕಟೆ ಸಿಗುತ್ತದೆ, ಅದನ್ನು ಹಿಡಿದು ಎರಡು ಪೆಟ್ಟಿಗೆಗಳ ಸದ್ದನ್ನೂ ಸಮ ಮಾಡಿಸಿದೆ. ಎರಡರಲ್ಲೂ 'ಡೈರೆಕ್ಟ್' ಒತ್ತಿಸಿದೆ. ನಾದಿನಿ ಕಣ್ಣು ಮುಚ್ಚಿ ಕೂತಳು. ಅಂಗಡಿಯವನು ಪೆಟ್ಟಿಗೆ ಬದಲಿಸಿದ, ಅವಳಿಗೆ ವ್ಯತ್ಯಾಸ ತಿಳಿಯಲಿಲ್ಲ. ಸ್ಪೀಕರು ಬದಲಿಸಿದ, ತಟ್ಟನೆ ಕಣ್ಣು ಬಿಟ್ಟು, "ಅತ್ತಿಗೆ, ಇದು! ಇದರಲ್ಲಿ ಉಸಿರು ತಗೊಳ್ಳೋದೂ ಕೇಳುತ್ತೆ" ಎಂದಳು. ಅಗ್ಗದ ರಿಸೀವರು ಕೊಂಡು, ಉಳಿದ ಹಣವನ್ನು ಸ್ಪೀಕರಿಗೆ ಹಾಕಿದೆವು. ಅಂಗಡಿಯವನಿಗೆ ವ್ಯಾಪಾರವಾಯಿತು, ಅವಳಿಗೆ ಸಂಗೀತ ಸಿಕ್ಕಿತು.

ನಿಮ್ಮ ಮನೆಗೂ ಇಂದಲ್ಲ ನಾಳೆ ಈ ಕರಿಯ ಪೆಟ್ಟಿಗೆ ಬರುತ್ತದೆ. ಅಂಗಡಿಯ ಹುಡುಗ ನಿಮ್ಮ ಕಡೆ ತಿರುಗಿ, "ಮೇಡಂ, ಯಾವ ಬಣ್ಣ?" ಎಂದು ಕೇಳಿಯೇ ಕೇಳುತ್ತಾನೆ. ಬಣ್ಣ ಯಾವುದಾದರೂ ಇರಲಿ, ಮೊದಲು ನನ್ನ ಹಾಡು ಹಾಕು ಎಂದು ಹೇಳಿ. ಅವನು ಹಾಡು ಹಾಕುವವರೆಗೂ ಕುರ್ಚಿ ಬಿಟ್ಟು ಏಳಬೇಡಿ.